ಏದುಸಿರನ್ನು ನಿಲ್ಲಿಸುವ ಮುನ್ನ ಒಂದು ಲೆಕ್ಕ

ಅರಿವಳಿಕೆ ತಜ್ಞಳಾಗಿ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುವ ನನ್ನನ್ನು ಕಿರಿಯ ವೈದ್ಯರು ಹೆಚ್ಚಾಗಿ ಕೇಳುವ ಪ್ರಶ್ನೆ, ಏದುಸಿರು ಬಿಡುತ್ತಿರುವ ರೋಗಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಜೋಡಿಸೋಣವೇ ಎಂಬುದು. ಶ್ವಾಸಕೋಶದ ಸದ್ದು ಸ್ವಚ್ಛವಾಗಿದ್ದು, ಆಮ್ಲಜನಕದ ಮಟ್ಟವೂ ಚೆನ್ನಾಗಿದ್ದು, ಉಸಿರು ಮಾತ್ರ ಆಳವಾಗಿ, ವೇಗವಾಗಿ, ಬಿಡುವಿಲ್ಲದೆ ನಡೆಯುತ್ತಿದ್ದರೆ ಎಬಿಜಿ, ಅಂದರೆ ಅಪಧಮನಿಯ ರಕ್ತದಲ್ಲಿನ ಅನಿಲ ಮತ್ತು ಆಮ್ಲದ ಮಟ್ಟ ತಿಳಿಸುವ ಪರೀಕ್ಷೆಯ ವರದಿ, ಕೈಗೆ ಬರುವವರೆಗೆ ನಾನು ಒಪ್ಪುವುದಿಲ್ಲ. ಮಧುಮೇಹದ ಕೋಮಾದಲ್ಲಿ ಕಾಣುವ ಈ ಉಸಿರಾಟವನ್ನು ಜರ್ಮನ್ ವೈದ್ಯ ಅಡಾಲ್ಫ್ ಕುಸ್‌ಮಾಲ್ 1874ರಲ್ಲಿ ವಿವರಿಸಿದರು. ರಕ್ತದಲ್ಲಿ ಆಮ್ಲ ಹೆಚ್ಚಿದಾಗ ದೇಹ ಕೂಡಲೇ ಕೈಗೊಳ್ಳುವ ಚಿಕಿತ್ಸೆಯೇ ಅದು.

ರಕ್ತದ ಪಿಎಚ್, ಅಂದರೆ ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ, 7.35ರಿಂದ 7.45ರ ಒಳಗೆ ಉಳಿಯಬೇಕು. ಮೊದಲು ರಕ್ತದಲ್ಲಿರುವ ಬೈಕಾರ್ಬನೇಟ್ ಎಂಬ ಕ್ಷಾರ ಆಮ್ಲವನ್ನು ಹೀರಿಕೊಳ್ಳುತ್ತದೆ, ನಿಮಿಷಗಳಲ್ಲಿ ಶ್ವಾಸಕೋಶ ರಕ್ತದಲ್ಲಿ ಆಮ್ಲವಾಗಿ ವರ್ತಿಸುವ ಇಂಗಾಲದ ಡೈಆಕ್ಸೈಡನ್ನು ಹೆಚ್ಚು ಹೊರಹಾಕತೊಡಗುತ್ತದೆ, ಮೂತ್ರಪಿಂಡ ಮಾತ್ರ ತನ್ನ ಪೂರ್ಣ ಬಲ ತೋರಲು ಮೂರರಿಂದ ಐದು ದಿನ ತೆಗೆದುಕೊಳ್ಳುತ್ತದೆ. ಆದ್ದರಿಂದ ಆ ರಾತ್ರಿಯ ಮಟ್ಟಿಗೆ ರೋಗಿಯನ್ನು ಉಳಿಸುತ್ತಿರುವುದು ಉಸಿರು.

ಇನ್ಸುಲಿನ್ ಸಾಲದೆ ರಕ್ತದಲ್ಲಿ ಕೀಟೋನ್ ಆಮ್ಲಗಳು ತುಂಬುವ ಮಧುಮೇಹದ ಕೀಟೋ ಆಮ್ಲೀಯತೆಯ ರೋಗಿಯೊಬ್ಬರ ಬೈಕಾರ್ಬನೇಟ್ 6 ಎಂದುಕೊಳ್ಳೋಣ. ಅದನ್ನು ಒಂದೂವರೆಯಿಂದ ಗುಣಿಸಿ 8 ಕೂಡಿಸಿದರೆ, ಎರಡು ಅಂಕ ಹೆಚ್ಚುಕಡಿಮೆ, ಇರಬೇಕಾದ ಇಂಗಾಲದ ಡೈಆಕ್ಸೈಡ್ ಒತ್ತಡ ಸಿಗುತ್ತದೆ. ಇಲ್ಲಿ ಅದು 17. ಆಗ ಪಿಎಚ್ ಸುಮಾರು 7.17. ಟ್ಯೂಬ್ ಹಾಕಿ, ವಾಡಿಕೆಯಂತೆ ನಿಮಿಷಕ್ಕೆ 14 ಉಸಿರು, ಪ್ರತಿ ಉಸಿರಿಗೆ 450 ಮಿಲಿಲೀಟರ್ ಎಂದು ಯಂತ್ರಕ್ಕೆ ಹೇಳಿದರೆ, ಆ ಒತ್ತಡ ಆರೋಗ್ಯವಂತರಲ್ಲಿರುವ 40ರ ಕಡೆಗೆ ಏರುತ್ತದೆ. ಬೈಕಾರ್ಬನೇಟ್ 6ರ ಆಸುಪಾಸಿನಲ್ಲೇ ಇರುವುದರಿಂದ ಪಿಎಚ್ 6.8ಕ್ಕೆ ಕುಸಿಯುತ್ತದೆ, ಹೃದಯ ನಿಲ್ಲುವ ಸಾಧ್ಯತೆ ಎದುರಾಗುತ್ತದೆ. ಯಂತ್ರದ ಪರದೆಯ ಮೇಲೆ ಎಲ್ಲವೂ ಸಹಜವಾಗಿಯೇ ಕಾಣುತ್ತಿರುತ್ತದೆ ಎಂಬುದು ನನ್ನನ್ನು ಬಹಳ ಕಳವಳಗೊಳಿಸುವ ಸಂಗತಿ.

ಹಾಗಾಗಿ ರೋಗಿಗೆ ಎಚ್ಚರವಿದ್ದು ಉಸಿರಿನಲ್ಲಿ ಬಲವಿರುವವರೆಗೆ ಅವರ ಉಸಿರಾಟ ಅವರಿಗೇ ಇರಲಿ ಎಂದು ನಾನು ವಾದಿಸುತ್ತೇನೆ, ಸಲೈನ್ ಮತ್ತು ಇನ್ಸುಲಿನ್‌ನಿಂದ ಮೂಲ ಕಾರಣವನ್ನು ಸರಿಪಡಿಸುವುದಕ್ಕೆ ಒತ್ತು ಕೊಡುತ್ತೇನೆ, ಪೊಟ್ಯಾಸಿಯಂ ನೋಡದೆ ಇನ್ಸುಲಿನ್ ಆರಂಭಿಸಲು ಬಿಡುವುದಿಲ್ಲ. ಪ್ರಜ್ಞೆ ತಪ್ಪಿ ಟ್ಯೂಬ್ ಅನಿವಾರ್ಯವಾದರೆ, ರೋಗಿ ತಾನೇ ಉಸಿರಾಡುತ್ತಿದ್ದ ವೇಗವನ್ನು ಮೊದಲೇ ಎಣಿಸಿ, ವೆಂಟಿಲೇಟರನ್ನು ಅದರ ಹತ್ತಿರಕ್ಕೆ ಹೊಂದಿಸಬೇಕು. ಒಳಗೆಳೆದ ಗಾಳಿ ಪೂರ್ತಿ ಹೊರಬರಲು ಸಮಯ ಸಿಗುತ್ತಿದೆಯೇ ಎಂದೂ ನೋಡಬೇಕು. ಬೈಕಾರ್ಬನೇಟನ್ನೇ ಔಷಧವಾಗಿ, ಅಂದರೆ ಸೋಡಾಬೈಕಾರ್ಬ್, ಕೊಟ್ಟರೆ ಸಾಕು ಎನ್ನುವವರಿದ್ದಾರೆ, ಆದರೆ ಅದು ಆಮ್ಲದೊಡನೆ ಸೇರಿ ಹುಟ್ಟಿಸುವ ಇಂಗಾಲದ ಡೈಆಕ್ಸೈಡನ್ನು ಹೊರಹಾಕಬೇಕಾದ್ದೂ ಅದೇ ಉಸಿರು.

ಬೈಕಾರ್ಬನೇಟ್ ಒಂದನ್ನೇ ನೋಡಿ ತೀರ್ಮಾನಿಸುವ ಅಪಾಯಕ್ಕೆ 1952ರ ಕೋಪನ್‌ಹೇಗನ್ ಪೋಲಿಯೊ ಪಿಡುಗು ಸಾಕ್ಷಿ. ರೋಗಿಗಳ ರಕ್ತದಲ್ಲಿ ಅದು ಹೆಚ್ಚಿದ್ದುದನ್ನು ಕಂಡ ಬ್ಲೆಗ್‌ಡಾಮ್ ಆಸ್ಪತ್ರೆಯ ವೈದ್ಯರು ಇದೇನೋ ಕ್ಷಾರೀಯತೆ ಎಂದು ಭಾವಿಸಿದ್ದರು. ಉಸಿರಾಟ ಸಾಲದೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದಿದೆ ಎಂದು ಗುರುತಿಸಿದವರು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್. ಬಳಿಕ ವೈದ್ಯಕೀಯ ವಿದ್ಯಾರ್ಥಿಗಳು ಸರದಿಯಂತೆ ಚೀಲ ಒತ್ತುತ್ತ ರೋಗಿಗಳಿಗೆ ಉಸಿರು ಕೊಟ್ಟರು. ನನ್ನ ವೃತ್ತಿಯ ಇತಿಹಾಸದಲ್ಲಿ ನಾನು ಅತ್ಯಂತ ಗೌರವದಿಂದ ನೆನೆಯುವ ಘಟ್ಟ ಅದು.

ಪಿಎಚ್ ಸರಿಯಿದ್ದ ಮಾತ್ರಕ್ಕೆ ನೆಮ್ಮದಿಪಡುವಂತೆಯೂ ಇಲ್ಲ. ಮೂತ್ರಪಿಂಡ ಸೋತು, ಜೊತೆಗೆ ವಾಂತಿಯೂ ಆಗುತ್ತಿರುವವರಲ್ಲಿ ಪಿಎಚ್ 7.40, ಬೈಕಾರ್ಬನೇಟ್ 24 ಇರಬಹುದು. ಆದರೆ ಸೋಡಿಯಂ 145, ಕ್ಲೋರೈಡ್ 95 ಆಗಿದ್ದರೆ, ಸೋಡಿಯಂನಿಂದ ಉಳಿದೆರಡನ್ನು ಕಳೆದಾಗ ಸಿಗುವ, ರಕ್ತದಲ್ಲಿ ಅಡಗಿದ ಆಮ್ಲದ ಸುಳಿವು ಕೊಡುವ ಆನಯಾನ್ ಗ್ಯಾಪ್ 26 ಆಗುತ್ತದೆ. ಸಾಮಾನ್ಯವಾಗಿ ಅದು 12ರ ಆಸುಪಾಸಿನಲ್ಲಿರಬೇಕು. ಅಲ್ಲಿ ಮೂತ್ರಪಿಂಡದ ಸೋಲಿನಿಂದಾದ ಆಮ್ಲೀಯತೆ ಮತ್ತು ವಾಂತಿಯಿಂದಾದ ಕ್ಷಾರೀಯತೆ ಒಟ್ಟಿಗೇ ಇದ್ದು ಒಂದನ್ನೊಂದು ಮರೆಮಾಡಿವೆ. ಹೀಗಾಗಿ ನಮ್ಮ ಘಟಕದಲ್ಲಿ ಎಬಿಜಿ ಹಾಳೆಯ ಅಂಚಿನಲ್ಲಿ ಎರಡು ಅಂಕಿಗಳನ್ನು ಕೈಯಲ್ಲೇ ಬರೆಯಿಸುತ್ತೇನೆ: ಇರಬೇಕಾದ ಇಂಗಾಲದ ಡೈಆಕ್ಸೈಡ್ ಮತ್ತು ಆನಯಾನ್ ಗ್ಯಾಪ್. ಟ್ಯೂಬ್ ಹಾಕಿದ ಅರ್ಧ ಗಂಟೆಯೊಳಗೆ ಮತ್ತೊಂದು ಎಬಿಜಿ ಹೋಗಬೇಕು, ಪಾಳಿ ಬದಲಾಗುವಾಗ ಈ ಅಂಕಿಗಳನ್ನು ಮುಂದಿನ ವೈದ್ಯರಿಗೂ ಶುಶ್ರೂಷಕಿಯರಿಗೂ ಬಾಯಿಬಿಟ್ಟು ಹೇಳಬೇಕು.