ಏಜಿಂಗ್ ರಿಪೋರ್ಟ್ ನೋಡಿದ ಮೇಲೆ ಗೋಡೌನಿಗೂ ಒಮ್ಮೆ ಹೋಗಿ

ತುಮಕೂರಿನಲ್ಲಿ ಬೋರ್‌ವೆಲ್ ಮೋಟಾರು, ಪಂಪು, ಪಿವಿಸಿ ಪೈಪು, ಡ್ರಿಪ್ ಸಾಮಾನು ಮಾರುವ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ನಾನು ಲೆಕ್ಕಪತ್ರ ಮತ್ತು ಸ್ಟಾಕ್ ನೋಡಿಕೊಳ್ಳುತ್ತೇನೆ. ಅಂಗಡಿ ಬಿ.ಎಚ್. ರಸ್ತೆಯಲ್ಲಿದೆ, ದೊಡ್ಡ ಗೋಡೌನು ಹಿರೇಹಳ್ಳಿಯಲ್ಲಿ. ಶಿರಾ ಮತ್ತು ಮಧುಗಿರಿಯಲ್ಲಿ ಒಂದೊಂದು ಬ್ರಾಂಚ್ ಇದೆ. ತಿಂಗಳ ಕೊನೆಗೆ ಸ್ಟಾಕ್ ಏಜಿಂಗ್ ರಿಪೋರ್ಟ್, ಅಂದರೆ ಯಾವ ಮಾಲು ಎಷ್ಟು ದಿನದಿಂದ ಮಾರಾಟವಾಗದೆ ಉಳಿದಿದೆ ಅಂತ ತೋರಿಸುವ ಪಟ್ಟಿ ತೆಗೆದು ಯಜಮಾನರ ಕೈಗೆ ಕೊಡುವುದು ನನ್ನ ಕೆಲಸ.

ಆ ಹಾಳೆಯನ್ನು ನಂಬಿ ಎಷ್ಟೆಲ್ಲ ನಡೆಯುತ್ತದೆ ನೋಡಿ. ಯಾವ ಮಾಲನ್ನು ಕಡಿಮೆ ರೇಟಿಗೆ ಬಿಡಬೇಕು, ಯಾವುದಕ್ಕೆ ಹೊಸ ಆರ್ಡರ್ ಹಾಕಬೇಕು, ಬ್ಯಾಂಕಿಗೆ ಎಷ್ಟು ಸ್ಟಾಕ್ ತೋರಿಸಬೇಕು, ಎಲ್ಲವೂ ಅದರ ಮೇಲೆಯೇ. ಆದರೆ ರ‍್ಯಾಕಿನಲ್ಲಿ ಕೂತಿರುವ ವಸ್ತುವಿನ ವಯಸ್ಸು ಸಾಫ್ಟ್‌ವೇರಿಗೆ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಎಂಟ್ರಿಯ ತಾರೀಖು ಮಾತ್ರ. ಸ್ಟಾಕ್ ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಇದು ಮನಸ್ಸಿನಲ್ಲಿ ಇರಬೇಕು ಅಂತ ನನ್ನ ಆಸೆ.

ಪೈಪ್ ಅಂಟಿಸುವ ಸಲ್ಯೂಷನ್ ಡಬ್ಬಿಯನ್ನೇ ತೆಗೆದುಕೊಳ್ಳಿ. ಜನವರಿಯಲ್ಲಿ 100 ಡಬ್ಬಿ ಬಂತು ಅಂತಿಟ್ಟುಕೊಳ್ಳೋಣ. ಮೇ ತಿಂಗಳವರೆಗೆ 60 ಹೋಯಿತು, 40 ಉಳಿಯಿತು. ಜೂನ್‌ನಲ್ಲಿ ಇನ್ನೊಂದು 100 ಬಂತು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ 80 ಮಾರಾಟವಾಗಿ 60 ಉಳಿದಿದೆ. ರಿಪೋರ್ಟ್ ಏನು ಹೇಳುತ್ತದೆ? ಆ 60 ಡಬ್ಬಿಯೂ ಜೂನ್ ತಿಂಗಳ ಮಾಲು, ನಾಲ್ಕು ತಿಂಗಳೂ ದಾಟಿಲ್ಲ ಅನ್ನುತ್ತದೆ. ಮೊದಲು ಬಂದದ್ದು ಮೊದಲು ಹೋಯಿತು ಅಂತ ಅದು ಲೆಕ್ಕ ಹಿಡಿದಿರುತ್ತದೆ. ಬ್ಯಾಚ್ ನಂಬರ್, ಅಂದರೆ ಒಟ್ಟಿಗೆ ಬಂದ ಮಾಲನ್ನು ಗುರುತಿಸುವ ನಂಬರ್, ಹಾಕದೆ ಇದ್ದರೆ ಅದಕ್ಕೆ ಬೇರೆ ದಾರಿಯೂ ಇಲ್ಲ.

ಗೋಡೌನಿನಲ್ಲಿ ನಡೆಯುವುದೇ ಬೇರೆ. ಜೂನ್ ತಿಂಗಳ ಲೋಡು ಇಳಿಸುವಾಗ ಹಳೆಯ ಬಾಕ್ಸ್‌ಗಳ ಮುಂದೆ ಹೊಸದನ್ನು ಜೋಡಿಸಿರುತ್ತಾರೆ. "ಅಣ್ಣ, ಗಾಡಿ ಕಾಯ್ತಾ ಇರುತ್ತೆ, ಕೈಗೆ ಸಿಕ್ಕಿದ್ದು ಕೊಡ್ತೀವಿ" ಅಂತಾನೆ ನಮ್ಮ ಗೋಡೌನ್ ಹುಡುಗ. ಅವನ ಮಾತಿನಲ್ಲಿ ತಪ್ಪೇನಿಲ್ಲ. ಬೇಸಿಗೆಯಲ್ಲಿ ಬೆಳಗ್ಗೆ ಎಂಟಕ್ಕೇ ಟೆಂಪೋಗಳು ಬಂದು ನಿಂತಿರುತ್ತವೆ, ಹಿಂದಿನ ಸಾಲು ಎಳೆಯುತ್ತಾ ಕೂರಲು ಯಾರಿಗೆ ಪುರಸೊತ್ತು? ಹಾಗಾಗಿ ಆ 80 ಡಬ್ಬಿಯೂ ಜೂನ್ ಮಾಲಿನಿಂದಲೇ ಹೋಗಿರುತ್ತದೆ. ಜನವರಿಯ 40 ಹಿಂದೆ ಹಾಗೆಯೇ ಕೂತಿರುತ್ತದೆ.

ಹಿರೇಹಳ್ಳಿಯಲ್ಲಿ ಅಂಥ ಒಂದು ಹಿಂದಿನ ಸಾಲನ್ನು ಎಳೆಸಿ ನೋಡಿದ್ದೇವೆ. ಬಾಕ್ಸಿನ ಮೇಲೆ ಒಂದು ಪದರ ಧೂಳು. ಡಬ್ಬಿಯ ತಳದಲ್ಲಿ ಅಚ್ಚಾಗಿದ್ದ ತಿಂಗಳು, ವರ್ಷ ಅರ್ಧ ಅಳಿಸಿತ್ತು, ಬೆರಳಿನಿಂದ ಒರೆಸಿ ಓದಬೇಕಾಯಿತು. ಮುಚ್ಚಳ ತಿರುಗಿಸಿದರೆ ಅದರ ಒಳಗಿನ ಬ್ರಷ್ ಮೇಲಕ್ಕೇ ಬರಲಿಲ್ಲ. ಸಲ್ಯೂಷನ್ ಅಷ್ಟು ಗಟ್ಟಿಯಾಗಿತ್ತು. ಅದರಲ್ಲಿ ಪೈಪ್ ಅಂಟಿಸಿದರೆ ಜಾಯಿಂಟ್ ಹಿಡಿಯುವುದಿಲ್ಲ. ಮೋಟಾರ್ ಆನ್ ಮಾಡಿದ ದಿನವೇ ಸೋರುತ್ತದೆ, ರೈತ ನೇರ ಅಂಗಡಿಗೆ ಬರುತ್ತಾನೆ. ಆ ತಿಂಗಳ ರಿಪೋರ್ಟಿನಲ್ಲಿ ಈ ಐಟಂ ಮುಂದೆ 180 ದಿನ ಮೀರಿದ ಕಾಲಂನಲ್ಲಿ ಸೊನ್ನೆ ಇತ್ತು.

ಎರಡನೆಯ ವಿಷಯ ಟ್ರಾನ್ಸ್‌ಫರ್. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಮೋಸ ಆಗುವುದು ಇಲ್ಲೇ. ಹಿರೇಹಳ್ಳಿಯಿಂದ ಮಧುಗಿರಿಗೆ ಮಾಲು ಕಳಿಸಿದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಗೋಡೌನ್‌ವಾರು ರಿಪೋರ್ಟು ಅದನ್ನು ಮಧುಗಿರಿಗೆ ಹೊಸದಾಗಿ ಬಂದ ಮಾಲು ಅಂತಲೇ ಹಿಡಿಯುತ್ತದೆ. ವಯಸ್ಸು ಸೊನ್ನೆಯಿಂದ ಶುರು. ಅಲ್ಲಿ ಮಾರಾಟವಾಗದೆ ವಾಪಸ್ ಬಂದರೆ ಮತ್ತೆ ಸೊನ್ನೆ. ಹೋಗದ ಮಾಲೇ ತಾನೇ ಬ್ರಾಂಚಿಂದ ಬ್ರಾಂಚಿಗೆ ಜಾಸ್ತಿ ಓಡಾಡುವುದು? ಅಂದರೆ ಯಾವುದು ನಿಜಕ್ಕೂ ಹಳೆಯದೋ ಅದೇ ರಿಪೋರ್ಟಿನಲ್ಲಿ ಎಲ್ಲಕ್ಕಿಂತ ಹೊಸದಾಗಿ ಕಾಣುತ್ತದೆ.

ಗಿರಾಕಿ ವಾಪಸ್ ಕೊಟ್ಟ ಮಾಲಿನ ಕಥೆಯೂ ಇದೇ. ವಾಪಸ್ ಬಂದ ಮಾಲಿಗೆ ಕ್ರೆಡಿಟ್ ನೋಟ್ ಹಾಕಿದ ತಾರೀಖೇ ಅದರ ಹುಟ್ಟಿದ ತಾರೀಖು ಆಗಿಬಿಡಬಹುದು. ಸ್ಟಾಕ್ ಎಣಿಸಿ ವ್ಯತ್ಯಾಸ ಸರಿ ಮಾಡಲು ಹಾಕುವ ಜರ್ನಲ್ ಎಂಟ್ರಿಯಲ್ಲೂ ಹೀಗಾಗಬಹುದು. ಇನ್ನು ಏಪ್ರಿಲ್ 1ಕ್ಕೆ ಹೊಸ ಸಾಫ್ಟ್‌ವೇರಿಗೆ ಬದಲಾಯಿಸಿ ಓಪನಿಂಗ್ ಸ್ಟಾಕನ್ನು (ಅವತ್ತು ಕೈಯಲ್ಲಿರುವ ಮಾಲನ್ನು) ಒಂದೇ ಸಾಲಿನಲ್ಲಿ ತುಂಬಿದರಂತೂ ಮುಗಿಯಿತು. ಪಂಪಿಗೆ ಹಾಕುವ ನಾಲ್ಕು ವರ್ಷದ ಹಳೆಯ ಬುಷ್ಷೂ ಮಾರ್ಚ್ ಕೊನೆಯ ವಾರ ಬಂದ ಕೇಬಲ್ಲೂ ಅವತ್ತಿನಿಂದ ಒಂದೇ ವಯಸ್ಸಿನವು.

ಮೋಟಾರುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ದೊಡ್ಡ ದುಡ್ಡು ಕೂತಿರುವುದು ಅಲ್ಲೇ. ಎಷ್ಟೋ ಕಂಪನಿಗಳು ವಾರಂಟಿಗೆ ಎರಡು ಗಡುವು ಇಡುತ್ತವೆ. ಮಾರಾಟದ ತಾರೀಖಿನಿಂದ ಇಷ್ಟು ತಿಂಗಳು, ತಯಾರಾದ ತಾರೀಖಿನಿಂದ ಇಷ್ಟು ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಅದು. ನಮಗೆ ಬಿಲ್ ಆದದ್ದು ಮಾರ್ಚ್ 31ಕ್ಕೆ ಇರಬಹುದು. ಆದರೆ ಅದಕ್ಕೂ ಮೊದಲು ಮೋಟಾರು ಕಂಪನಿ ಡಿಪೋದಲ್ಲಿ ಆರು ತಿಂಗಳು ಇದ್ದಿರಬಹುದು. ನಮ್ಮ ಏಜಿಂಗ್ ಶುರುವಾಗುವುದು ನಮ್ಮ ಬಿಲ್ಲಿನಿಂದ. ವಾರಂಟಿಯ ಗಡಿಯಾರ ಅದಕ್ಕೂ ಮೊದಲೇ ಓಡುತ್ತಿರುತ್ತದೆ. ಜೊತೆಗೆ ವರ್ಷಗಟ್ಟಲೆ ಸುಮ್ನೆ ಇಟ್ಟ ಸಬ್‌ಮರ್ಸಿಬಲ್‌ನ ಶಾಫ್ಟ್ ಜಾಮ್ ಆಗುವುದೂ ಉಂಟು. ಹಾಗಾಗಿ ಮೋಟಾರಿನ ವಯಸ್ಸು ಬೇಕಿದ್ದರೆ ಅದರ ಮೈಮೇಲಿನ ಸೀರಿಯಲ್ ನಂಬರ್ ಮತ್ತು ತಯಾರಿಕೆಯ ತಿಂಗಳನ್ನೇ ನೋಡಬೇಕು.

ಈಗ ಉಲ್ಟಾ ಕಡೆಯಿಂದ ನೋಡೋಣ. ಹಳೆಯದೆಲ್ಲ ಕೆಟ್ಟದ್ದಲ್ಲ. ಪಾವಗಡ, ಮಧುಗಿರಿ ಕಡೆ ಬೋರು ತುಂಬ ಆಳ, ಹಾಗಾಗಿ ಸ್ಟೇಜ್ (ನೀರನ್ನು ಹಂತ ಹಂತವಾಗಿ ಮೇಲೆತ್ತುವ ಭಾಗ) ಜಾಸ್ತಿ ಇರುವ ಪಂಪು ಬೇಕು. ಮಳೆಗಾಲದಲ್ಲಿ ಅದನ್ನು ಕೇಳುವವರೇ ಇರುವುದಿಲ್ಲ. ನವೆಂಬರ್ ರಿಪೋರ್ಟಿನಲ್ಲಿ ಅವೆಲ್ಲ ಹಳೆಯ ಮಾಲಿನ ಕಾಲಂನಲ್ಲಿ ದೊಡ್ಡ ಮೊತ್ತವಾಗಿ ಕೂತಿರುತ್ತವೆ. ಆಗ ಹೆದರಿ ರೇಟು ಇಳಿಸಿದರೆ ಫೆಬ್ರವರಿಯಲ್ಲಿ ಅದೇ ಪಂಪನ್ನು ಜಾಸ್ತಿ ದುಡ್ಡು ಕೊಟ್ಟು ತರಿಸಬೇಕಾಗುತ್ತದೆ. ಕಂಪನಿ ನಿಲ್ಲಿಸಿರುವ ಮಾಡೆಲ್‌ಗಳ ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ), ಬುಷ್ ಕೂಡ ಹಾಗೆಯೇ. ವರ್ಷಕ್ಕೆ ಒಂದೆರಡು ಹೋಗಬಹುದು. ಆದರೆ ಬೆಳೆ ಒಣಗುತ್ತಿರುವಾಗ ಅದನ್ನು ಹುಡುಕಿಕೊಂಡು ಬಂದ ರೈತನಿಗೆ ಆ ಒಂದು ಪೀಸು ಸಿಗುವುದು ಎಷ್ಟು ಮುಖ್ಯ ಅಲ್ವಾ? ಹಳೆಯ ಮಾಲು ಯಾವುದು, ಸತ್ತ ಮಾಲು ಯಾವುದು ಅಂತ ಏಜಿಂಗ್ ರಿಪೋರ್ಟ್ ಬೇರೆ ಮಾಡಿ ಹೇಳುವುದಿಲ್ಲ. ಕೊನೆಯ ಮಾರಾಟದ ತಾರೀಖು ನೋಡುವ ನಾನ್-ಮೂವಿಂಗ್ ರಿಪೋರ್ಟು ಸ್ವಲ್ಪ ಸಹಾಯ ಮಾಡುತ್ತದೆ. ಅದಕ್ಕೂ ಮಿತಿ ಇದೆ. 500 ಪೀಸಿನಲ್ಲಿ ಒಂದೇ ಒಂದು ಹೋದರೂ ಆ ಐಟಂ ಪಟ್ಟಿಯಿಂದ ಮಾಯವಾಗುತ್ತದೆ.

ಬೆಲೆಯ ವಿಷಯವೂ ಇದೆ. ರಿಪೋರ್ಟಿನಲ್ಲಿ ಕಾಣುವ ಮೊತ್ತ ಕೊಂಡ ಬೆಲೆಯ ಲೆಕ್ಕದ್ದು. ವರ್ಷದ ಕೊನೆಗೆ ಅಕೌಂಟಿಂಗ್ ಸ್ಟ್ಯಾಂಡರ್ಡ್ 2ರ ಪ್ರಕಾರ ಕೊಂಡ ಬೆಲೆ ಮತ್ತು ಮಾರಿದರೆ ಖರ್ಚು ಕಳೆದು ಕೈಗೆ ಬರುವ ಬೆಲೆ, ಎರಡರಲ್ಲಿ ಕಡಿಮೆ ಯಾವುದೋ ಅದನ್ನು ಹಿಡಿಯಬೇಕು. ಕೈಗೆ ಎಷ್ಟು ಬರುತ್ತದೆ ಅನ್ನುವುದು ಸೇಲ್ಸ್‌ನವರನ್ನು ಕೇಳದೆ ಗೊತ್ತಾಗುವುದಿಲ್ಲ. ಕೆಟ್ಟ ಮಾಲನ್ನು ರೈಟ್ ಆಫ್ ಮಾಡಿದರೆ, ಅಂದರೆ ನಷ್ಟ ಅಂತ ಲೆಕ್ಕದಿಂದ ತೆಗೆದರೆ, ಇನ್ನೊಂದು ಖರ್ಚು ಕಾದಿರುತ್ತದೆ. 2017ರ ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(ಎಚ್) ಪ್ರಕಾರ ನಾಶವಾದ ಅಥವಾ ರೈಟ್ ಆಫ್ ಮಾಡಿದ ಮಾಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಿಗುವುದಿಲ್ಲ, ಮೊದಲೇ ತೆಗೆದುಕೊಂಡಿದ್ದರೆ ವಾಪಸ್ ಕಟ್ಟಬೇಕು. ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) ಇದ್ದವರು ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವಾಗಲೂ ಹುಷಾರಾಗಿರಬೇಕು. ಹಳೆಯ, ಹೋಗದ ಸ್ಟಾಕನ್ನು ಬ್ಯಾಂಕು ಡ್ರಾಯಿಂಗ್ ಪವರ್ (ಎಷ್ಟು ಸಾಲ ತೆಗೆಯಬಹುದು ಅನ್ನುವ ಮಿತಿ) ಲೆಕ್ಕದಿಂದ ಬಿಡಬಹುದು. ಟ್ರಾನ್ಸ್‌ಫರ್‌ನಿಂದ ಹೊಸದಾಗಿ ಕಂಡ ಮಾಲನ್ನು ಹಾಗೆಯೇ ತೋರಿಸಿ, ಆಮೇಲೆ ಸ್ಟಾಕ್ ಆಡಿಟ್‌ಗೆ ಬಂದವರು ಡಬ್ಬಿ ತಿರುಗಿಸಿ ನೋಡಿದರೆ ಉತ್ತರ ಕೊಡುವುದು ಕಷ್ಟ.

ನಾವೀಗ ಎಲ್ಲ ಐಟಂಗೂ ಬ್ಯಾಚ್ ಹಾಕುತ್ತಿಲ್ಲ. ಪೈಪಿಗೂ ನಟ್ಟು ಬೋಲ್ಟಿಗೂ ಬ್ಯಾಚ್ ಹಾಕಿ ಅಂದರೆ ಹುಡುಗರು ಎರಡೇ ವಾರಕ್ಕೆ ಕೈಬಿಡುತ್ತಾರೆ, ಅದು ಸಹಜ. ವಯಸ್ಸಿನಿಂದ ಕೆಡುವ ನಾಲ್ಕೈದು ಬಗೆಗೆ ಮಾತ್ರ ಹಾಕುತ್ತೇವೆ: ಸಲ್ಯೂಷನ್, ಸ್ಟಾರ್ಟ್ ಕೆಪಾಸಿಟರ್, ರಬ್ಬರ್ ಸೀಲ್, ಮತ್ತೆ ಮೋಟಾರು. ಟ್ಯಾಲಿ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರಿನಲ್ಲಿ ಐಟಂ ಮಾಸ್ಟರ್‌ನಲ್ಲೇ ಬ್ಯಾಚ್, ತಯಾರಿಕೆಯ ತಾರೀಖು, ಎಕ್ಸ್‌ಪೈರಿ ಇಡುವ ಸೌಲಭ್ಯ ಇದೆ. ಏಜಿಂಗ್ ರಿಪೋರ್ಟಿನ ಕಾಲಂಗಳಲ್ಲಿರುವ ದಿನಗಳ ಗುಂಪನ್ನೂ ನಮಗೆ ಬೇಕಾದ ಹಾಗೆ ಬದಲಾಯಿಸಬಹುದು. ಸಲ್ಯೂಷನ್‌ಗೂ ಇಂಪೆಲ್ಲರ್‌ಗೂ ಒಂದೇ 180 ದಿನದ ಗೆರೆ ಎಳೆಯುವುದರಲ್ಲಿ ಅರ್ಥವಿಲ್ಲ. ಬ್ರಾಂಚಿಗೆ ಕಳಿಸುವಾಗ ಅದೇ ಬ್ಯಾಚ್ ನಂಬರ್ ಜೊತೆಗೆ ಹೋಗಬೇಕು, ಹೊಸ ನಂಬರ್ ಕೊಡಬಾರದು. ಲೋಡು ಇಳಿಯುವಾಗಲೇ ಬಾಕ್ಸಿನ ಮೇಲೆ ಮಾರ್ಕರ್‌ನಲ್ಲಿ ತಿಂಗಳು, ವರ್ಷ ದಪ್ಪಕ್ಷರದಲ್ಲಿ ಬರೆಯುತ್ತಾರೆ. ನಿಜ ಹೇಳಬೇಕೆಂದರೆ ಸಾಫ್ಟ್‌ವೇರಿನ ಎಲ್ಲ ಸೆಟ್ಟಿಂಗ್‌ಗಿಂತ ಈ ಮಾರ್ಕರ್‌ನಿಂದಲೇ ಜಾಸ್ತಿ ಉಪಯೋಗವಾಗಿದೆ. ಗಾಡಿ ಕಾಯುತ್ತಿದ್ದರೂ ಹುಡುಗರ ಕಣ್ಣಿಗೆ ಅದು ಬೀಳುತ್ತದೆ.

ನಿಮ್ಮ ಸಾಫ್ಟ್‌ವೇರ್ ವಯಸ್ಸನ್ನು ಹೇಗೆ ಲೆಕ್ಕ ಹಾಕುತ್ತದೆ ಅಂತ ತಿಳಿಯಲು ಯಾರನ್ನೂ ಕಾಯಬೇಕಿಲ್ಲ. ಪ್ರಯೋಗಕ್ಕೆ ಒಂದು ಡಮ್ಮಿ ಕಂಪನಿ ತೆರೆಯಿರಿ. ಆರು ತಿಂಗಳ ಹಿಂದಿನ ತಾರೀಖಿಗೆ ಒಂದು ಖರೀದಿ ಹಾಕಿ. ಇವತ್ತಿನ ತಾರೀಖಿಗೆ ಅದರಲ್ಲಿ ಅರ್ಧ ಮಾಲನ್ನು ಇನ್ನೊಂದು ಗೋಡೌನಿಗೆ ಕಳಿಸಿ. ಎರಡು ಪೀಸು ಮಾರಿ, ಒಂದನ್ನು ವಾಪಸ್ ತೆಗೆದುಕೊಳ್ಳಿ. ಈಗ ಏಜಿಂಗ್ ರಿಪೋರ್ಟನ್ನು ಒಟ್ಟಾಗಿ ಒಮ್ಮೆ, ಗೋಡೌನ್‌ವಾರು ಇನ್ನೊಮ್ಮೆ ತೆಗೆಯಿರಿ. ಎಲ್ಲ ಪೀಸೂ ಆರು ತಿಂಗಳ ಹಳೆಯದಾಗಿಯೇ ಕಂಡರೆ ಸರಿ. ಯಾವುದಾದರೂ ಇವತ್ತು ಬಂದ ಹಾಗೆ ಕಂಡರೆ, ನಿಮ್ಮ ನಿಜವಾದ ಸ್ಟಾಕಿನಲ್ಲಿ ಈ ವರ್ಷ ಟ್ರಾನ್ಸ್‌ಫರ್ ಮತ್ತು ರಿಟರ್ನ್ ಆದ ಐಟಂಗಳ ಪಟ್ಟಿ ತೆಗೆಯಿರಿ. ಗೋಡೌನಿನಲ್ಲಿ ಮೊದಲು ತಿರುಗಿಸಿ ನೋಡಬೇಕಾದ ಬಾಕ್ಸ್‌ಗಳು ಅವೇ.