ರಾಶಿಯೊಳಗಿನ ನೀರು, ಹಡಗಿನೊಳಗಿನ ಕೆಸರು

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ತೇವ ಶೇ. 14 ದಾಟಿದರೆ ದರ ಬೀಳುತ್ತದೆ. ಭೀಮಸಮುದ್ರ, ಹೊಳಲ್ಕೆರೆ ಕಡೆಯ ಕಬ್ಬಿಣದ ಅದಿರಿನ ಪುಡಿಯಲ್ಲಿ ತೇವ ಮಿತಿ ದಾಟಿದರೆ ಹಡಗೇ ಮಗುಚಬಹುದು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರಿನ ರಫ್ತಿಗೆ ಮತ್ತೆ ದಾರಿ ತೆರೆದಿದೆ. ಹಾಗಾಗಿ ಸಮುದ್ರವನ್ನೇ ನೋಡದ, ಅದಿರು ರಾಶಿ ಹಾಕುವ ನಮ್ಮ ಯಾರ್ಡುಗಳ ಹುಡುಗರೂ ಹಡಗಿನ ಈ ನಿಯಮವನ್ನು ತಿಳಿದಿರಬೇಕು.

ಚೀಲವಿಲ್ಲದೆ ಸುರಿದು ಸಾಗಿಸುವ ಘನ ಸರಕಿಗೆಲ್ಲ ಐಎಂಎಸ್‌ಬಿಸಿ ಕೋಡ್ ಎಂಬ ಅಂತರರಾಷ್ಟ್ರೀಯ ಕಡಲ ನಿಯಮಾವಳಿ ಅನ್ವಯಿಸುತ್ತದೆ. ಅದು ಕಡ್ಡಾಯವಾದದ್ದು 2011ರ ಜನವರಿ 1ರಿಂದ. ಅದಕ್ಕೂ ಮೊದಲು, 2009ರ ಮಳೆಗಾಲದಲ್ಲಿ, ಅದಿರಿನ ಪುಡಿ ತುಂಬಿದ್ದ 'ಏಷಿಯನ್ ಫಾರೆಸ್ಟ್' ಮಂಗಳೂರಿನ ಕಡಲಿನಲ್ಲಿ ಮುಳುಗಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪಾರಾದೀಪದ ಬಳಿ 'ಬ್ಲ್ಯಾಕ್ ರೋಸ್' ಮುಳುಗಿತು.

ಕಾರಣ ಇಷ್ಟು. ಕೈಗೆ ಒಣಗಿದಂತೆ ತೋರುವ ಪುಡಿಯಲ್ಲೂ ಕಣಗಳ ನಡುವೆ ಗಾಳಿ, ನೀರು ಎರಡೂ ಇರುತ್ತವೆ. ಎಂಜಿನ್ನಿನ ನಡುಕವೂ ಅಲೆಯ ಹೊಯ್ದಾಟವೂ ಸೇರಿ ರಾಶಿಯನ್ನು ಕುಕ್ಕುತ್ತಲೇ ಇರುತ್ತವೆ. ಗಾಳಿ ಹೊರಬಿದ್ದು ಜಾಗ ಕಿರಿದಾದಂತೆ ನೀರಿನ ಒತ್ತಡ ಏರಿ, ಕಣದಿಂದ ಕಣವನ್ನು ಬಿಡಿಸುತ್ತದೆ. ರಾಶಿ ನಿಂತಿರುವುದೇ ಕಣಗಳ ಪರಸ್ಪರ ಹಿಡಿತದಿಂದ. ಅದು ಹೋದರೆ ಸರಕು ಕೆಸರಾಗಿ ಹಡಗು ವಾಲಿದ ಕಡೆಗೆ ಹರಿಯುತ್ತದೆ, ಹಡಗು ಇನ್ನೊಂದು ಕಡೆ ವಾಲಿದಾಗ ಪೂರ್ತಿ ವಾಪಸ್ ಬರುವುದಿಲ್ಲ. ಹೀಗೆ ಪ್ರತಿ ಅಲೆಗೂ ವಾಲು ಸ್ವಲ್ಪ ಸ್ವಲ್ಪವೇ ಉಳಿದು ಬೆಳೆಯುತ್ತದೆ. ಇದು ಸುರುವಾದ ಮೇಲೆ ಹಡಗಿನವರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ತಡೆಯುವ ಜಾಗ ಯಾರ್ಡು.

ಸರಕು ಹರಿಯಲು ತೊಡಗುವ ತೇವದ ಶೇ. 90ರಷ್ಟನ್ನು ಟಿಎಂಎಲ್, ಅಂದರೆ ಸಾಗಿಸಬಹುದಾದ ತೇವದ ಮಿತಿ, ಎನ್ನುತ್ತಾರೆ. ಶೇ. 10ರಲ್ಲಿ ಹರಿದರೆ ಮಿತಿ ಶೇ. 9. ಆ ಶೇ. 1ರ ಅಂತರ ಪರೀಕ್ಷೆಯ ತಪ್ಪು, ರಾಶಿಯ ಏರುಪೇರುಗಳಿಗೆ ಬಿಟ್ಟ ಜಾಗ, ಅದನ್ನು ಲೋಡಿಂಗ್‌ಗೆ ಬಳಸಿಕೊಳ್ಳುವಂತಿಲ್ಲ. ಅದಿರಿನ ಪುಡಿಗೆಂದೇ ಬೇರೆ ಪರೀಕ್ಷೆಯೂ ಇದೆ: ಪ್ರಾಕ್ಟರ್ ಫಾಗರ್‌ಬರ್ಗ್ ವಿಧಾನದ ಬದಲಾದ ರೂಪ. ಅದರಲ್ಲಿ 150 ಗ್ರಾಂ ಸುತ್ತಿಗೆಯನ್ನು 15 ಸೆಂ.ಮೀ. ಎತ್ತರದಿಂದ ಬೀಳಿಸಿ, ಶೇ. 80 ಸ್ಯಾಚುರೇಷನ್ (ಕಣಗಳ ನಡುವಿನ ಜಾಗದ ಶೇ. 80 ನೀರು ತುಂಬಿದ) ಬಿಂದುವಿನಲ್ಲಿ ಮಿತಿ ಓದುತ್ತಾರೆ. ಹಳೆಯ 350 ಗ್ರಾಂ ಸುತ್ತಿಗೆಯ ವರದಿಯನ್ನು ಇದರೊಂದಿಗೆ ಕಲಸಬೇಡಿ, ಅಂಕಿ ಬೇರೆಯೇ ಬರುತ್ತದೆ.

ಹೆಸರಿನಲ್ಲೂ ಜನ ಎಡವುತ್ತಾರೆ. ಕೋಡಿನಲ್ಲಿ 'ಐರನ್ ಓರ್' ಬೇರೆ, 'ಐರನ್ ಓರ್ ಫೈನ್ಸ್' (ಅದಿರಿನ ಪುಡಿ) ಬೇರೆ. 1 ಮಿ.ಮೀ.ಗಿಂತ ಸಣ್ಣ ಕಣ ಶೇ. 10 ಅಥವಾ ಹೆಚ್ಚು, ಜೊತೆಗೆ 10 ಮಿ.ಮೀ.ಗಿಂತ ಸಣ್ಣದು ಶೇ. 50 ಅಥವಾ ಹೆಚ್ಚು ಇದ್ದರೆ ಅದು ಫೈನ್ಸ್. ಗೋಥೈಟ್ ಎಂಬ ಕಬ್ಬಿಣದ ಖನಿಜ ಶೇ. 35 ಅಥವಾ ಹೆಚ್ಚಿದ್ದರೆ ಫೈನ್ಸ್ ನಿಯಮದಿಂದ ವಿನಾಯಿತಿ ಉಂಟು, ಆದರೆ ಅದು ಲ್ಯಾಬ್ ವರದಿಯಿಂದಲೇ ತೀರ್ಮಾನವಾಗಬೇಕು. ಮಣ್ಣಿನ ಹಳದಿ ಬಣ್ಣ ನೋಡಿ ಹೇಳುವ ಮಾತಲ್ಲ. ಜರಡಿ ಹಿಡಿಯದೆ 'ಐರನ್ ಓರ್' ಎಂದು ಸರಕು ಕಳಿಸುವವರು ಬರೆದುಕೊಟ್ಟ ಘೋಷಣೆ ನಾನು ಹೇಳುವ ತಪ್ಪುಗಳಲ್ಲೇ ಅತಿ ಅಪಾಯದ್ದು, ಏಕೆಂದರೆ ತೇವದ ಪರೀಕ್ಷೆಯೇ ಬೇಡವೆಂಬ ಭಾವನೆ ಎಲ್ಲರಲ್ಲೂ ಹುಟ್ಟುತ್ತದೆ.

ಮಾದರಿ ತೆಗೆಯುವುದರಲ್ಲಿ ಅವಸರ ಬೇಡ. ಸಾಂದ್ರೀಕೃತ ಅದಿರಿನ ರಾಶಿಗೆ ಕೋಡ್ ಹೇಳುವ ಲೆಕ್ಕ ಫೈನ್ಸ್‌ಗೂ ಒಳ್ಳೆಯ ಅಳತೆಗೋಲು: 15,000 ಟನ್‌ವರೆಗಿನ ರಾಶಿಯಲ್ಲಿ ಪ್ರತಿ 125 ಟನ್‌ಗೆ 200 ಗ್ರಾಂ, ಮೇಲ್ಮೈಯಿಂದ ಸುಮಾರು 50 ಸೆಂ.ಮೀ. ಒಳಗಿನದು. 10,000 ಟನ್‌ಗೆ 80 ಮಾದರಿಗಳಾದವು. ತೆಗೆದ ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಿ ಮುಚ್ಚಬೇಕು. ಚಿತ್ರದುರ್ಗದ ಬಿಸಿಲಿನಲ್ಲಿ ತೆರೆದ ತಟ್ಟೆ ಅರ್ಧ ಗಂಟೆ ಇದ್ದರೂ ಸುಳ್ಳು ಅಂಕಿ ಕೊಡುತ್ತದೆ. ಒವನ್ 105 ಡಿಗ್ರಿ, ತೂಕ ಸ್ಥಿರವಾಗುವವರೆಗೆ.

ಸರಾಸರಿಯ ಬಗ್ಗೆ ಎಚ್ಚರ. ಮೂರು ರಾಶಿಗಳು ಶೇ. 8, ನಾಲ್ಕನೆಯದು ಶೇ. 11 ಎಂದರೆ ಸರಾಸರಿ ಶೇ. 8.75, ಶೇ. 9ರ ಮಿತಿಯೊಳಗೇ ಇದೆ. ಆದರೆ ನಾಲ್ಕನೆಯ ರಾಶಿ ಹಡಗಿನ ಒಂದೇ ಹೋಲ್ಡಿಗೆ (ಸರಕು ತುಂಬುವ ಕೋಣೆಗೆ) ಬಿದ್ದರೆ ಆ ಹೋಲ್ಡ್ ಮಿತಿ ಮೀರಿತು. ತೇವ ಎಲ್ಲೆಡೆ ಒಂದೇ ಸಮನಿದೆ ಎಂದು ಮಾದರಿಗಳು ತೋರಿಸದಿದ್ದರೆ ಕೋಡ್ ಪ್ರಕಾರ ಹೋಲ್ಡ್‌ವಾರು ತೇವ ಘೋಷಿಸಬೇಕು. ಟಾರ್ಪಾಲ್ ಹೊದೆಸಿದ ರಾಶಿಯ ಬುಡದಲ್ಲೂ ನೀರು ಇಳಿದು ನಿಂತಿರುತ್ತದೆ. ಲೋಡರ್ ಬುಡ ಸೇರಿಸಿ ಕೆರೆದು ತುಂಬಿದಾಗ ಆ ಕೆಸರೂ ಲಾರಿಗೆ ಏರುತ್ತದೆ.

ಅವಧಿಗಳು: ಟಿಎಂಎಲ್ ಪರೀಕ್ಷೆ 6 ತಿಂಗಳೊಳಗಿನದಿರಬೇಕು, ತೇವದ ಮಾದರಿ ಲೋಡಿಂಗ್‌ಗೆ 7 ದಿನಕ್ಕಿಂತ ಮೊದಲು ತೆಗೆದದ್ದಾಗಬಾರದು. ನಡುವೆ ಜೋರು ಮಳೆ ಬಂದರೆ ಮತ್ತೆ ಪರೀಕ್ಷೆ.

ಹಡಗಿನ ಮೇಲೆ ಚೀಫ್ ಆಫೀಸರ್ ಮಾಡುವ ಡಬ್ಬಿ ಪರೀಕ್ಷೆಯನ್ನು ಯಾರ್ಡಿನಲ್ಲೂ ಮಾಡಬಹುದು. ಅರ್ಧದಿಂದ ಒಂದು ಲೀಟರಿನ ಡಬ್ಬಿಯಲ್ಲಿ ಅರ್ಧ ತುಂಬಿ, 20 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ, ಒಂದೆರಡು ಸೆಕೆಂಡಿಗೊಮ್ಮೆ ಕುಕ್ಕಬೇಕು. ಮೇಲೆ ನೀರು ಜಿನುಗಿದರೆ ಲೋಡಿಂಗ್ ನಿಲ್ಲಬೇಕು, ಲ್ಯಾಬಿಗೆ ಕಳಿಸಬೇಕು. ಜಿನುಗದಿದ್ದರೆ ಸುರಕ್ಷಿತ ಎಂದು ಅರ್ಥವಲ್ಲ, ಇದು ಕೆಟ್ಟದ್ದನ್ನು ಹಿಡಿಯುತ್ತದೆಯೇ ಹೊರತು ಒಳ್ಳೆಯದಕ್ಕೆ ಪ್ರಮಾಣ ಕೊಡುವುದಿಲ್ಲ.

ಕೋಡ್ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. ಐರನ್ ಓರ್ ಫೈನ್ಸ್ ಅಧ್ಯಾಯ ಕಡ್ಡಾಯವಾದದ್ದು 2017ರ ಜನವರಿಯಿಂದ. 2015ರ ಜನವರಿಯಲ್ಲಿ ಬಾಕ್ಸೈಟ್ ತುಂಬಿದ 'ಬಲ್ಕ್ ಜುಪಿಟರ್' ಮುಳುಗಿ 19 ಜನರಲ್ಲಿ 18 ಮಂದಿ ಸತ್ತ ಮೇಲೆ ಬಾಕ್ಸೈಟ್ ಫೈನ್ಸ್‌ಗೂ ಹೊಸ ಅಧ್ಯಾಯ ಬಂತು, ಅದು ಕಡ್ಡಾಯವಾದದ್ದು 2021ರಲ್ಲಿ. ಕೋಡಿನ 07-23 ಸಂಖ್ಯೆಯ ತಿದ್ದುಪಡಿ 2025ರ ಜನವರಿ 1ರಿಂದ ಕಡ್ಡಾಯ. ಹಳೆಯ ಘೋಷಣೆಯ ನಕಲು ತೆಗೆದು ದಿನಾಂಕ ಮಾತ್ರ ತಿದ್ದುವವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ, ಆಗ ಕ್ಯಾಪ್ಟನ್ ಲೋಡಿಂಗ್ ನಿರಾಕರಿಸಿದರೆ ಅದು ಅವರ ಹಕ್ಕು.

ಅದೇ ಘೋಷಣೆಯಲ್ಲಿ ಸರಕು ಸಮುದ್ರ ಪರಿಸರಕ್ಕೆ ಹಾನಿಕರವೇ ಎಂಬುದನ್ನೂ ಕಳಿಸುವವರೇ ಬರೆಯಬೇಕು. ಹಾನಿಕರವಲ್ಲದಿದ್ದರೂ, ವಿಶೇಷ ಪ್ರದೇಶಗಳ (ಹೆಚ್ಚಿನ ರಕ್ಷಣೆಯುಳ್ಳ ಸಮುದ್ರ ಭಾಗಗಳ) ಹೊರಗೆ, ಹೋಲ್ಡ್ ತೊಳೆದ ಸರಕಿನ ಉಳಿಕೆಯನ್ನು ದಡದಿಂದ 12 ನಾಟಿಕಲ್ ಮೈಲಿಯೊಳಗೆ ಬಿಡುವಂತಿಲ್ಲ. ಬಿಟ್ಟದ್ದು ಗಾರ್ಬೇಜ್ ರೆಕಾರ್ಡ್ ಬುಕ್‌ನ ಎರಡನೇ ಭಾಗದಲ್ಲಿ ದಾಖಲಾಗಬೇಕು.