ಹೊರಡುವ ನಿರ್ಧಾರಕ್ಕೆ ಊರಿನ ಮನೆಯ ಒಪ್ಪಿಗೆ

ಯುದ್ಧದ ಭೀತಿಯಿರುವ ದೇಶದಲ್ಲಿ ದುಡಿಯುತ್ತಿರುವ ಅಥವಾ ಓದುತ್ತಿರುವ ನಮ್ಮವರು ತುರ್ತಾಗಿ ಅಲ್ಲಿಂದ ಹೊರಡಬೇಕಾಗಿ ಬಂದರೆ ಏನು ಮಾಡಬೇಕು ಎಂಬ ಯೋಚನೆಯನ್ನು ನಾವು ಸಾಮಾನ್ಯವಾಗಿ ಸರ್ಕಾರಕ್ಕೆ ಬಿಟ್ಟಿರುತ್ತೇವೆ. ವಿಮಾನವೋ ಹಡಗೋ ಬಂದೇ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಅದು ಬುಡವಿಲ್ಲದ ನಂಬಿಕೆಯೂ ಅಲ್ಲ. ಆದರೆ ಗೌರಿಬಿದನೂರಿನಲ್ಲಿ ಕುಳಿತು ಕೊಲ್ಲಿ ದೇಶದಲ್ಲಿರುವ ತಮ್ಮನ ಫೋನಿಗಾಗಿ ಕಾಯುವ ಅಕ್ಕನಾಗಿ ನನಗೆ ಮನದಟ್ಟಾಗಿರುವ ಮಾತೊಂದಿದೆ. ಯಾವಾಗ ಹೊರಡಬೇಕು ಎಂಬ ನಿರ್ಧಾರ ದೋಹಾದಲ್ಲೋ ಟೆಹರಾನಿನಲ್ಲೋ ಆಗುವಂತೆ ಕಂಡರೂ, ಅದನ್ನು ತಡೆದು ನಿಲ್ಲಿಸುವುದೂ ಸಡಿಲಗೊಳಿಸುವುದೂ ಬಹಳ ಸಲ ಊರಿನಲ್ಲಿರುವ ನಮ್ಮ ಮನೆಗಳೇ.

2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಆರಂಭಿಸಿದಾಗ ನಮ್ಮ ತಾಲ್ಲೂಕಿನ ಅಲೀಪುರದ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಶಿಯಾ ಮುಸ್ಲಿಮರು ಬಹುಸಂಖ್ಯೆಯಲ್ಲಿರುವ ಆ ಊರಿನಿಂದ ಧಾರ್ಮಿಕ ಶಿಕ್ಷಣಕ್ಕೂ ವೈದ್ಯಕೀಯ ವ್ಯಾಸಂಗಕ್ಕೂ ಇರಾನಿಗೆ ಹೋಗುವ ವಾಡಿಕೆ ಹಿಂದಿನಿಂದಲೂ ಇದೆ. ಇರಾನಿನ ವಾಯುಮಾರ್ಗ ಮುಚ್ಚಿದ್ದರಿಂದ ಅಲ್ಲಿದ್ದ ಭಾರತೀಯರಿಗೆ ರಸ್ತೆಯೊಂದೇ ದಾರಿಯಾಯಿತು. ಉತ್ತರ ಇರಾನಿನಿಂದ 110 ವಿದ್ಯಾರ್ಥಿಗಳ ಮೊದಲ ತಂಡ ಗಡಿ ದಾಟಿ ಅರ್ಮೇನಿಯಾಕ್ಕೆ ಹೋಗಿ, ಯೆರೆವಾನಿನಿಂದ ದೆಹಲಿಗೆ ಬಂತು. ಜೂನ್ 18ರ ಹೊತ್ತಿಗೆ ಇರಾನಿನ ಅಂತರಜಾಲ ಬಹುಪಾಲು ಸ್ಥಗಿತಗೊಂಡಿತು. ವಾಟ್ಸಾಪಿನ ಒಂದು ಕರೆಯನ್ನೇ ನೆಚ್ಚಿಕೊಂಡಿದ್ದ ಮನೆಗಳಿಗೆ ಮಕ್ಕಳ ದನಿ ಕೇಳದಂತಾಯಿತು. ಆಪರೇಷನ್ ಸಿಂಧು ಎಂಬ ಹೆಸರಿನ ಆ ಕಾರ್ಯಾಚರಣೆಯಲ್ಲಿ ಇರಾನ್ ಮತ್ತು ಇಸ್ರೇಲ್ ಎರಡೂ ಕಡೆಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಕರೆತರಲಾಯಿತು.

ಆ ಯುದ್ಧ ಎರಡು ದೇಶಗಳದು, ನಮ್ಮ ತಮ್ಮ ಇರುವುದು ಕತಾರಿನಲ್ಲಿ, ಅವನಿಗೇನೂ ಆಗದು ಎಂದು ನಮ್ಮ ಮನೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಜೂನ್ 23ರ ರಾತ್ರಿ ಇರಾನಿನ ಕ್ಷಿಪಣಿಗಳು ದೋಹಾದ ಸಮೀಪವಿರುವ, ಅಮೆರಿಕದ ಪಡೆಗಳು ಬೀಡುಬಿಟ್ಟಿರುವ ಅಲ್ ಉದೈದ್ ವಾಯುನೆಲೆಯತ್ತ ಹಾರಿದವು. ಅದಕ್ಕೆ ಸ್ವಲ್ಪ ಮೊದಲೇ ಕತಾರ್ ತನ್ನ ಆಕಾಶವನ್ನು ಮುಚ್ಚಿತ್ತು. ಕುವೈತ್, ಬಹರೇನ್ ಮತ್ತು ಸಂಯುಕ್ತ ಅರಬ್ ಸಂಸ್ಥಾನದಲ್ಲೂ ಸ್ವಲ್ಪ ಹೊತ್ತು ವಿಮಾನ ಸಂಚಾರ ನಿಂತಿತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಿಂದ ಕೊಲ್ಲಿಗೆ ಹೋಗಿರುವ ಚಾಲಕರು, ನರ್ಸುಗಳು, ಎಲೆಕ್ಟ್ರೀಷಿಯನ್ನರು ಎಲ್ಲರೂ ಒಂದೇ ರಾತ್ರಿಯಲ್ಲಿ, ಯುದ್ಧ ತಮಗೆ ಸಂಬಂಧಿಸಿದ್ದು ಎಂದು ಅರಿಯಬೇಕಾಯಿತು. ನಾವು ಅಕ್ಕ ತಮ್ಮ ಕುಳಿತು ಒಂದು ಯೋಜನೆಯನ್ನು ಕಾಗದದ ಮೇಲೆ ಬರೆದದ್ದು ಆ ನಂತರ. ಅದನ್ನು ಬರೆಯುವ ಮೊದಲು ಹಿಂದಿನ ತೆರವು ಕಾರ್ಯಾಚರಣೆಗಳು ಹೇಗೆ ನಡೆದವು ಎಂಬುದನ್ನು ನಾನು ಸಾಧ್ಯವಾದಷ್ಟು ಓದಿಕೊಂಡೆ.

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದ ಮೇಲೆ ಭಾರತ ತನ್ನ 1,70,000ಕ್ಕೂ ಹೆಚ್ಚು ಪ್ರಜೆಗಳನ್ನು ವಿಮಾನದಲ್ಲಿ ಕರೆತಂದಿತು. ಈ ಸಂಖ್ಯೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೂ ಬೇಕು. ಆದರೆ ಆ ವಿಮಾನಗಳಲ್ಲಿ ಬಹುಪಾಲು ಹೊರಟದ್ದು ಜೋರ್ಡಾನಿನ ಅಮ್ಮಾನಿನಿಂದ. ಕುವೈತಿನಿಂದ ಬಾಗ್ದಾದಿನ ಮೇಲೆ ಹಾದು, ಮರುಭೂಮಿಯಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಪ್ರಯಾಣ ಮಾಡಿ, ಗಡಿಯ ಡೇರೆಗಳಲ್ಲಿ ಕಾದು ಅಲ್ಲಿಗೆ ತಲುಪಿದವರಿಗೆ ಆ ವಿಮಾನ ಸಿಕ್ಕಿತು. 2015ರಲ್ಲಿ ಯೆಮನ್‌ನಿಂದ ನಡೆದ ಆಪರೇಷನ್ ರಾಹತ್‌ನಲ್ಲೂ ಹಾಗೆಯೇ: ಏಡನ್, ಹೊದೈದಾ, ಮುಕಲ್ಲಾ ಬಂದರುಗಳಿಂದ ನೌಕಾಪಡೆಯ ಹಡಗುಗಳು ಜನರನ್ನು ಜಿಬೂತಿಗೆ ಸಾಗಿಸಿದವು, ಬಂದರಿನವರೆಗಿನ ಹಾದಿ ಜನರ ಪಾಲಿಗೇ ಉಳಿಯಿತು. 2023ರಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದಾಗ ಆಪರೇಷನ್ ಕಾವೇರಿಯ ಹಡಗು ನಿಂತಿದ್ದದ್ದು ಪೋರ್ಟ್ ಸುಡಾನಿನಲ್ಲಿ. ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನರಲ್ಲಿ ಕೆಲವರು ಸಿಲುಕಿದ್ದದ್ದು ದೇಶದ ಇನ್ನೊಂದು ತುದಿಯ ಅಲ್ ಫಶೀರಿನಲ್ಲಿ. ಸರ್ಕಾರದ ನೆರವು ಒಂದು ಗಡಿಯಿಂದಲೋ ಬಂದರಿನಿಂದಲೋ ಆರಂಭವಾಗುತ್ತದೆ. ಅಲ್ಲಿಯವರೆಗೆ ಹೋಗುವುದು ಹೇಗೆ ಎಂಬುದು ಪ್ರತಿಯೊಬ್ಬರ ಸ್ವಂತ ಯೋಜನೆಯ ಮೊದಲ ಪ್ರಶ್ನೆಯಾಗಬೇಕು.

ಎರಡನೆಯ ಪ್ರಶ್ನೆ ಸಮಯದ್ದು. ಇದರ ಬಗ್ಗೆ ಉಕ್ರೇನಿನ ದಿನಾಂಕಗಳನ್ನು ಯಾರೂ ಮರೆಯಬಾರದು ಎಂದು ನನಗೆ ಅನಿಸುತ್ತದೆ. 2022ರ ಫೆಬ್ರವರಿ 15ರಂದು ಕೀವ್‌ನ ಭಾರತೀಯ ರಾಯಭಾರ ಕಚೇರಿಯು, ಅಲ್ಲಿರುವ ಅಗತ್ಯವಿಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ಹೊರಡುವುದನ್ನು ಪರಿಗಣಿಸಬಹುದು ಎಂದು ತಿಳಿಸಿತು. ಫೆಬ್ರವರಿ 20ರಂದು ಮಾತು ಇನ್ನಷ್ಟು ಬಿಗಿಯಾಯಿತು. 22ರಂದು, ವಿಶ್ವವಿದ್ಯಾಲಯಗಳ ಆನ್‌ಲೈನ್ ತರಗತಿಯ ನಿರ್ಧಾರಕ್ಕೆ ಕಾಯದೆ ಹೊರಡಿ ಎಂದು ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಿ ಹೇಳಿತು. 24ರ ಬೆಳಗ್ಗೆ ಉಕ್ರೇನಿನ ಆಕಾಶ ಮುಚ್ಚಿತು. ವಿದ್ಯಾರ್ಥಿಗಳನ್ನು ಕರೆತರಲು ಹೊರಟಿದ್ದ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಿಂದ ಹಿಂದಿರುಗಿತು. ಮೊದಲ ಸೂಚನೆಗೂ ಬಾಗಿಲು ಮುಚ್ಚಿದ್ದಕ್ಕೂ ನಡುವೆ ಇದ್ದದ್ದು ಒಂಬತ್ತೇ ದಿನ. ಆ ಒಂಬತ್ತು ದಿನಗಳಲ್ಲಿ ಸಾವಿರಾರು ಮಕ್ಕಳು ಉಳಿದದ್ದು ಧೈರ್ಯದಿಂದಲೂ ಅಲ್ಲ, ಉದಾಸೀನದಿಂದಲೂ ಅಲ್ಲ. ಹಾಜರಾತಿ ತಪ್ಪಿದರೆ ವರ್ಷ ಹೋಗುತ್ತದೆ, ಟಿಕೆಟ್ ದರ ಏರಿದೆ, ಅಪ್ಪ ಜಮೀನಿನ ಮೇಲೆ ಸಾಲ ಎತ್ತಿದ್ದಾರೆ ಎಂಬ ಲೆಕ್ಕಗಳು ಅವರನ್ನು ಕಟ್ಟಿಹಾಕಿದ್ದವು. ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಿನಸಿಗಾಗಿ ಹೊರಗೆ ಹೋಗಿದ್ದಾಗ ಶೆಲ್ ದಾಳಿಗೆ ಬಲಿಯಾದ. ಆ ಸುದ್ದಿ ಓದಿದ ದಿನ ನಮ್ಮ ಅಮ್ಮ ಊಟ ಮಾಡಲಿಲ್ಲ.

ಆದ್ದರಿಂದ ನಮ್ಮ ಯೋಜನೆಯ ಮೊದಲ ಸಾಲನ್ನು ತಮ್ಮ ಬರೆಯಲಿಲ್ಲ, ಅಮ್ಮ ಹೇಳಿ ಬರೆಸಿದರು: "ನೀನು ಯಾರನ್ನೂ ಕೇಳದೆ ಬಂದುಬಿಡು, ಸಾಲದ ಮಾತು ನಮಗಿರಲಿ." ಮನೆ ಕಟ್ಟಿದ ಸಾಲದ ಕಂತು ಮತ್ತು ಚೀಟಿಯ ಹಣ ಅವನ ಸಂಬಳದಿಂದಲೇ ಹೋಗುತ್ತಿದ್ದರಿಂದ ಈ ಮಾತು ಬರಿಯ ಮಮತೆಯಾಗಿ ಉಳಿಯಬಾರದೆಂದು, ಅವನ ಸಂಬಳ ನಿಂತರೂ ಕೆಲವು ತಿಂಗಳು ಕಂತು ತುಂಬುವಷ್ಟು ಹಣವನ್ನು ಬೇರೆ ಠೇವಣಿಯಲ್ಲಿ ಇಟ್ಟೆವು. ಅದಕ್ಕಾಗಿ ಮಹಡಿಯ ಕೆಲಸವನ್ನು ಮುಂದಕ್ಕೆ ಹಾಕಬೇಕಾಯಿತು. ತೆರವು ಯೋಜನೆಯ ಬಗ್ಗೆ ಬರೆಯುವವರು ಬ್ಯಾಗಿನಲ್ಲಿ ಏನಿರಬೇಕು ಎಂಬುದಕ್ಕೆ ಪುಟಗಟ್ಟಲೆ ಕೊಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಊರಿನಲ್ಲಿರುವ ಈ ಠೇವಣಿ ಆ ಬ್ಯಾಗಿಗಿಂತ ಮುಖ್ಯ.

ನಂತರ ಬರೆದದ್ದು ಗುರುತುಗಳನ್ನು. ಯಾವುದನ್ನು ಕಂಡರೆ ಹೊರಡಬೇಕು ಎಂಬುದನ್ನು ಶಾಂತವಾಗಿರುವಾಗಲೇ ತೀರ್ಮಾನಿಸಿಕೊಳ್ಳಬೇಕು, ಏಕೆಂದರೆ ಗಲಿಬಿಲಿಯ ಹೊತ್ತಿನಲ್ಲಿ "ಇನ್ನೊಂದು ದಿನ ನೋಡೋಣ" ಎಂಬ ಮಾತು ಬಹಳ ಸುಲಭವಾಗಿ ಬಾಯಿಗೆ ಬರುತ್ತದೆ. ರಾಯಭಾರ ಕಚೇರಿಯ ಸೂಚನೆಯಲ್ಲಿ "ತಾತ್ಕಾಲಿಕವಾಗಿ ಹೊರಡುವುದನ್ನು ಪರಿಗಣಿಸಿ" ಎಂಬ ಅರ್ಥದ ಮಾತು ಬಂದರೆ, ಬೇರೆ ದೇಶಗಳು ತಮ್ಮ ರಾಜತಾಂತ್ರಿಕರ ಕುಟುಂಬಗಳನ್ನು ಹಿಂದಕ್ಕೆ ಕರೆಸಿಕೊಂಡರೆ, ದೊಡ್ಡ ವಿಮಾನ ಸಂಸ್ಥೆಗಳು ಹಾರಾಟ ರದ್ದು ಮಾಡತೊಡಗಿದರೆ, ಇವುಗಳಲ್ಲಿ ಯಾವ ಎರಡು ಕೂಡಿಬಂದರೂ ಅವನು ಸಿಕ್ಕ ಮೊದಲ ವಿಮಾನದ ಟಿಕೆಟ್ ಕೊಳ್ಳಬೇಕು. ಬೆಂಗಳೂರಿಗೇ ಆಗಬೇಕೆಂದಿಲ್ಲ, ಕೊಚ್ಚಿಯಾಗಲಿ, ಕೊಲಂಬೋ ಆಗಲಿ, ಮಸ್ಕತ್ ಆಗಲಿ. ಅವನ ಹೆಂಡತಿ ಮತ್ತು ಮಗು ಅಲ್ಲಿದ್ದರೆ ಒಂದೇ ಗುರುತು ಸಾಕು, ಅವರು ಮೊದಲು ಬರಬೇಕು ಎಂದೂ ಬರೆದುಕೊಂಡಿದ್ದೇವೆ.

ಹೊರಡುವ ಹಕ್ಕು ಕೂಡ ದೇಶದಿಂದ ದೇಶಕ್ಕೆ ಬೇರೆಯಾಗಿದೆ, ಇದನ್ನು ನಮ್ಮ ಕಡೆಯ ಅನೇಕರು ತಿಳಿದುಕೊಂಡಿರುವುದಿಲ್ಲ. ಕತಾರಿನಲ್ಲಿ ಬಹುಪಾಲು ಕೆಲಸಗಾರರಿಗೆ ನಿರ್ಗಮನ ಪರವಾನಗಿಯ ಅಗತ್ಯ ತಪ್ಪಿದೆ. ಸೌದಿಯಲ್ಲಿ ದುಡಿಯುವವರು ನಿರ್ಗಮನ ಮತ್ತು ಮರುಪ್ರವೇಶದ ವೀಸಾ ಪಡೆದೇ ಹೊರಡಬೇಕು. ಕುವೈತ್ 2025ರ ಜುಲೈ 1ರಿಂದ ಖಾಸಗಿ ವಲಯದ ವಿದೇಶಿ ಕೆಲಸಗಾರರಿಗೆ ಮಾಲೀಕರ ಒಪ್ಪಿಗೆಯೊಂದಿಗೆ ನಿರ್ಗಮನ ಪರವಾನಗಿಯನ್ನು ಕಡ್ಡಾಯ ಮಾಡಿದೆ. ಪಾಸ್‌ಪೋರ್ಟನ್ನು ಮಾಲೀಕರ ಬಳಿ ಇಡುವ ಕೆಟ್ಟ ರೂಢಿ ಕಾನೂನಿನ ನಿಷೇಧವಿದ್ದರೂ ಅಳಿದಿಲ್ಲ. ತಮ್ಮನ ಜೊತೆ ಕೋಣೆಯಲ್ಲಿದ್ದ ಒಬ್ಬ ಹುಡುಗನ ಪಾಸ್‌ಪೋರ್ಟ್ ಅವನ ಕಂಪನಿಯ ಕಪಾಟಿನಲ್ಲಿತ್ತು. ಕೇಳಿ ಪಡೆಯಲು ಅವನು ಅಂಜುತ್ತಿದ್ದ. ಅಂಥವರ ಮನೆಯವರು ಈಗಲೇ ಧೈರ್ಯ ಹೇಳಿ ಪಾಸ್‌ಪೋರ್ಟ್ ಕೈಗೆ ಪಡೆಯುವಂತೆ ಮಾಡಬೇಕು. ಪಾಸ್‌ಪೋರ್ಟ್ ಕಳೆದೇ ಹೋದರೆ ರಾಯಭಾರ ಕಚೇರಿ ಭಾರತಕ್ಕೆ ಮರಳಲು ಮಾತ್ರ ಉಪಯೋಗವಾಗುವ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ, ಆದರೆ ಹಳೆಯ ಪಾಸ್‌ಪೋರ್ಟಿನ ಪ್ರತಿ ಇದ್ದವರ ಕೆಲಸ ಬೇಗ ಆಗುತ್ತದೆ.

ವಿಮಾನ ನಿಂತರೆ ಯಾವ ದಾರಿ ಎಂಬುದಕ್ಕೆ ಕತಾರಿನಲ್ಲಿ ಉತ್ತರ ಒಂದೇ: ಆ ದೇಶಕ್ಕಿರುವ ನೆಲದ ಗಡಿ ಸೌದಿಯೊಂದಿಗೆ ಮಾತ್ರ, ಅಬು ಸಮ್ರಾ ಮತ್ತು ಸಲ್ವಾ ನಡುವೆ. ಅದನ್ನು ದಾಟಲು ಸೌದಿ ವೀಸಾ ಬೇಕು. ಕೊಲ್ಲಿ ರಾಷ್ಟ್ರಗಳ ನಿವಾಸಿಗಳು ಅದನ್ನು ಆನ್‌ಲೈನಿನಲ್ಲಿ ಪಡೆಯುವ ವ್ಯವಸ್ಥೆ ಇರುವುದರಿಂದ, ಉದ್ವಿಗ್ನತೆ ಹೆಚ್ಚುವ ಸೂಚನೆ ಕಂಡ ಕೂಡಲೇ ವೀಸಾ ಮಾಡಿಸಿಟ್ಟುಕೊಳ್ಳುವುದು, ಸ್ವಂತ ಕಾರಿರುವ ಒಬ್ಬ ಸ್ನೇಹಿತನೊಂದಿಗೆ ಮೊದಲೇ ಮಾತನಾಡಿಕೊಳ್ಳುವುದು, ಪೆಟ್ರೋಲ್ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಎಂದು ತೀರ್ಮಾನವಾಯಿತು. ಕೈಯಲ್ಲಿ ನಗದು ಇರಲೇಬೇಕು, ಅದರಲ್ಲೂ ಸಣ್ಣ ಮುಖಬೆಲೆಯ ಡಾಲರುಗಳು. ನಿರ್ಬಂಧಗಳ ಕಾರಣ ಇರಾನಿನಲ್ಲಿ ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡುಗಳು ನಡೆಯುವುದೇ ಇಲ್ಲ. ಬೇರೆ ಕಡೆ ನಡೆದರೂ ವಿದ್ಯುತ್ತು ಮತ್ತು ಅಂತರಜಾಲ ಹೋದ ದಿನ ಎಟಿಎಂ ಬರಿಯ ಗೋಡೆ.

ಹೊರಗೆ ಕಾಲಿಡದಿರುವುದೇ ಸರಿಯಾದ ಹೊತ್ತೂ ಇರುತ್ತದೆ. ದಾಳಿ ನಡೆಯುತ್ತಿರುವಾಗ ಗಡಿಯತ್ತ ಓಡುವುದಕ್ಕಿಂತ ಕಟ್ಟಡದ ಕೆಳಮಹಡಿಯಲ್ಲಿ, ಕಿಟಕಿಗಳಿಂದ ದೂರ ಇರುವುದು ಕ್ಷೇಮ. ಅದಕ್ಕೆ ನೀರು, ಅಡುಗೆಯ ಅಗತ್ಯವಿಲ್ಲದ ಆಹಾರ, ಔಷಧಿ ಮೊದಲೇ ಇರಬೇಕು. ಉಕ್ರೇನಿನ ಸುಮಿ ನಗರದಲ್ಲಿ ಸಿಲುಕಿದ ನಮ್ಮ ವಿದ್ಯಾರ್ಥಿಗಳು ಹಿಮ ಕರಗಿಸಿ ನೀರು ಮಾಡಿಕೊಂಡರು; ಅವರನ್ನು ಹೊರತರಲು ಮಾರ್ಚ್ 8ರವರೆಗೆ ಆಗಲಿಲ್ಲ. ಮರುಭೂಮಿಯ ಜೂನ್ ತಿಂಗಳಲ್ಲಿ ಕರಗಿಸಲು ಹಿಮವೂ ಇರುವುದಿಲ್ಲ.

ಸಂಪರ್ಕದ ವಿಷಯದಲ್ಲಿ ನಾವು ಮಾಡಿಕೊಂಡ ಏರ್ಪಾಡು ಸರಳವಾದದ್ದು. ಗೊತ್ತಾದ ಸಮಯಕ್ಕೆ ಒಂದು ಎಸ್‌ಎಂಎಸ್, ಅದರಲ್ಲಿ ಇರುವ ಜಾಗ ಮತ್ತು ಮುಂದಿನ ಹೆಜ್ಜೆ ಮಾತ್ರ. ಅದು ಬಾರದಿದ್ದರೆ ಮೂರನೆಯ ದೇಶದಲ್ಲಿರುವ ನಮ್ಮ ಸೋದರತ್ತೆಯ ಮಗನಿಗೆ ಇಬ್ಬರೂ ಸುದ್ದಿ ಕೊಡುವುದು. ಮುಖ್ಯ ಸಂಖ್ಯೆಗಳನ್ನು ಫೋನಿನಲ್ಲಷ್ಟೇ ಅಲ್ಲದೆ ಕಾಗದದಲ್ಲೂ ಬರೆದಿಡುವುದು. ರಾಯಭಾರ ಕಚೇರಿಯಲ್ಲಿ ಅವನ ಹೆಸರು, ವಿಳಾಸ ನೋಂದಾಯಿಸಿದೆಯೇ ಎಂಬುದನ್ನು ಮನೆ ಬದಲಿಸಿದಾಗಲೆಲ್ಲ ಖಚಿತಪಡಿಸಿಕೊಳ್ಳುವುದು. ನಾವಿಲ್ಲಿ ಗಾಬರಿಯಿಂದ ಬಂದಬಂದ ಸಂದೇಶಗಳನ್ನೆಲ್ಲ ಅವನಿಗೆ ಕಳುಹಿಸಬಾರದು ಎಂಬ ನಿಯಮವನ್ನೂ ಹಾಕಿಕೊಂಡೆವು. 2025ರಲ್ಲಿ ಟೆಹರಾನಿನ ನಮ್ಮ ರಾಯಭಾರ ಕಚೇರಿ ಟೆಲಿಗ್ರಾಂನಲ್ಲಿ ತನ್ನದೇ ವಾಹಿನಿ ತೆರೆದು ಸೂಚನೆ ಕೊಟ್ಟಿತ್ತು. ಅಂಥ ಅಧಿಕೃತ ಮೂಲವೊಂದನ್ನೇ ನಂಬಬೇಕು. ಗಡಿ ದಾಟಿಸುತ್ತೇವೆಂದು ಮುಂಗಡ ಕೇಳುವವರು ಇಂಥ ಹೊತ್ತಿನಲ್ಲಿಯೇ ಹುಟ್ಟಿಕೊಳ್ಳುತ್ತಾರೆ.

ಕಾಗದಪತ್ರಗಳ ಒಂದು ಕಟ್ಟು ಊರಿನ ಮನೆಯಲ್ಲಿಯೂ ಇರಬೇಕು. ಪಾಸ್‌ಪೋರ್ಟಿನ ಎಲ್ಲ ಪುಟಗಳು, ನಿವಾಸದ ಗುರುತುಚೀಟಿ, ಕೆಲಸದ ಕರಾರು, ಸಂಬಳದ ಚೀಟಿಗಳು, ಬ್ಯಾಂಕಿನ ವಿವರ, ವಿಮೆಯ ಪತ್ರ ಇವುಗಳ ಪ್ರತಿಗಳನ್ನು ನಾವು ಬೀರುವಿನಲ್ಲಿಟ್ಟಿದ್ದೇವೆ. ಪ್ರವಾಸ ವಿಮೆಗಳಲ್ಲಿ ಹೆಚ್ಚಿನವು ಯುದ್ಧದಿಂದಾದ ನಷ್ಟವನ್ನು ಹೊರಗಿಡುತ್ತವೆ, ಆದ್ದರಿಂದ ಆ ಷರತ್ತನ್ನು ಓದಿಯೇ ಇಟ್ಟುಕೊಳ್ಳಬೇಕು. ಕುವೈತಿನಿಂದ 1990ರಲ್ಲಿ ಬರಿಗೈಯಲ್ಲಿ ಬಂದವರಿಗಾಗಿ ವಿಶ್ವಸಂಸ್ಥೆ 1991ರಲ್ಲಿ ಪರಿಹಾರ ಆಯೋಗವನ್ನು ರಚಿಸಿತು. ಯುದ್ಧದ ಕಾರಣ ಕುವೈತ್ ಅಥವಾ ಇರಾಕನ್ನು ಬಿಟ್ಟು ಹೊರಟದ್ದಕ್ಕೂ ಹೊರಟ ದಿನಾಂಕಕ್ಕೂ ಸರಳ ದಾಖಲೆ ಒದಗಿಸಿದವರು ನಿಗದಿತ ಮೊತ್ತಕ್ಕೆ ಅರ್ಹರಾದರು. ಪಾಸ್‌ಪೋರ್ಟಿನ ಒಂದು ಮುದ್ರೆ ವರ್ಷಗಳ ನಂತರ ಒಂದು ಸಂಸಾರವನ್ನು ಎತ್ತಿ ನಿಲ್ಲಿಸಬಲ್ಲದು.

ಒಂದು ಕೋರಿಕೆ ನಮ್ಮ ಜಿಲ್ಲಾಡಳಿತಕ್ಕೂ ಇದೆ. ಉಕ್ರೇನ್, ಸುಡಾನ್, ಇರಾನ್ ಪ್ರತಿ ಸಲವೂ ಯುದ್ಧ ಆರಂಭವಾದ ಮೇಲೆಯೇ ಯಾರ ಮನೆಯವರು ಎಲ್ಲಿದ್ದಾರೆ ಎಂದು ಹುಡುಕುವ ಕೆಲಸ ಶುರುವಾಯಿತು. ಚಿಕ್ಕಬಳ್ಳಾಪುರ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ, ಒಪ್ಪಿ ಮಾಹಿತಿ ಕೊಡುವ ಕುಟುಂಬಗಳ ಒಂದು ಪಟ್ಟಿ ಶಾಂತಿಯ ದಿನಗಳಲ್ಲೇ ಸಿದ್ಧವಿದ್ದು, ಅದು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುವಂತಿರಬೇಕು. ಗ್ರಾಮ ಪಂಚಾಯಿತಿಗಳ ಮೂಲಕ ಅದನ್ನು ಮಾಡುವುದು ಕಷ್ಟವಲ್ಲ. ಈ ಕುರಿತು ನಾನು ಮನವಿ ಬರೆದಿದ್ದೇನೆ. ಅಲೀಪುರದ, ಚಿಂತಾಮಣಿಯ, ಶಿಡ್ಲಘಟ್ಟದ ಕುಟುಂಬಗಳಲ್ಲಿ ಯಾರಿಗಾದರೂ ಅದಕ್ಕೆ ಸಹಿ ಹಾಕುವ ಮನಸ್ಸಿದ್ದರೆ, ಮುಂದಿನ ವಾರ ಅದನ್ನು ಸಲ್ಲಿಸುವ ಮೊದಲು ನನಗೆ ತಿಳಿಸಬೇಕಾಗಿ ವಿನಂತಿ.